ಅಕ್ಕನ ಪ್ರಾರ್ಥನೆಗೆ ನನ್ನ ಆಮೆನ್

ಹೋದ ವಾರ ಕೂಟ ನಮ್ಮ ಮನೆಯಲ್ಲಿತ್ತು. ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಹಾಡಿ, ಪ್ರಾರ್ಥನೆ ಮಾಡಿ, ಚಹಾ ಕುಡಿದು ಹೋಗುವುದಕ್ಕೆ ನಾವು ಕೂಟ ಎನ್ನುತ್ತೇವೆ. ಹೊಸ ಜಮಖಾನೆಯನ್ನು ಇಲಿ ಕಡಿದಿತ್ತು. ಮಳೆಗಾಲದಲ್ಲಿ ಟ್ರಂಕು ತೆರೆಯಬಾರದೆಂಬುದು ನಾನೇ ಮಾಡಿಕೊಂಡ ನಿಯಮ, ಆದರೆ ಬೇರೆ ದಾರಿ ಇರಲಿಲ್ಲ. ತಳದಲ್ಲಿದ್ದ ಹಳೆಯ ನೀಲಿ ಪಟ್ಟೆಯ ಜಮಖಾನೆ ತೆಗೆದೆ. ಮಡಿಕೆ ಬಿಚ್ಚಿದ ಕೂಡಲೇ ಮುಗ್ಗಿದ ನೂಲಿನ ವಾಸನೆ, ಅದರ ಹಿಂದೆಯೇ ನೀಲಗಿರಿ ಎಣ್ಣೆಯ ವಾಸನೆ. ಸೋಡಾ ಹಾಕಿ ಎಷ್ಟು ಸಲ ಒಗೆದಿದ್ದೇನೆ, ಹೋಗಿಲ್ಲ. ಒಂದು ಮೂಲೆಯಲ್ಲಿ ಅಂಗೈ ಅಗಲದ ಎರಡು ಕಲೆಗಳಿವೆ. ಅಲ್ಲಿ ನಮ್ಮ ಅಕ್ಕ ಮೊಣಕಾಲೂರುತ್ತಿದ್ದಳು.

ಆ ಮೂಲೆಯನ್ನು ಗೋಡೆಯ ಕಡೆಗೆ ತಿರುಗಿಸಿ ಹಾಸಿದೆ. ಯಾರೂ ಗಮನಿಸಲಿಲ್ಲ. ನನಗೆ ಮಾತ್ರ ಆ ಸಂಜೆಯೆಲ್ಲ ಅಕ್ಕ ಹೈದರಾಬಾದಿನ ಸನತ್‌ನಗರದ ಈ ಎರಡು ಕೋಣೆಯ ಮನೆಯಲ್ಲಿ ಕಳೆದ ಮಳೆಗಾಲವೇ ಕಣ್ಣೆದುರಿಗಿತ್ತು.

ಅಕ್ಕನ ಹೆಸರು ದೀನಮ್ಮ. ಹೆಸರಿಟ್ಟ ನಮ್ಮಪ್ಪ ಒಳ್ಳೆಯ ಮನುಷ್ಯ, ಆದರೆ ದೂರದೃಷ್ಟಿ ಇರಲಿಲ್ಲ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಬೀದರಿನ ಮಿಷನ್ ಬೋರ್ಡಿಂಗಿಗೆ ಸೇರಿಸಿದರು. ನನ್ನ ತಲೆ ಬಾಚಿದವಳು, ಹೇನು ತೆಗೆದವಳು, ಜ್ವರ ಬಂದಾಗ ಗಂಜಿ ಕುಡಿಸಿದವಳು ಅಕ್ಕ. ಅವಳಿಗೆ ಎದುರು ಮಾತಾಡುವ ಹಕ್ಕು ನನ್ನಿಂದ ಆಗಲೇ ಹೋಯಿತು.

ಬೋರ್ಡಿಂಗಿನಲ್ಲಿ ಎಲ್ಲಕ್ಕೂ ಗಂಟೆ. ಏಳಲು ಗಂಟೆ, ಮೀಯಲು ಗಂಟೆ, ಸಂಜೆ ಪ್ರಾರ್ಥನೆಗೆ ಗಂಟೆ. ಮೊಣಕಾಲೂರಿ ಕೂತ ಹುಡುಗಿಯರೆಲ್ಲ ಪ್ರಾರ್ಥನೆಯ ಕೊನೆಗೆ ಒಂದೇ ದನಿಯಲ್ಲಿ ಆಮೆನ್ ಅನ್ನಬೇಕು. ಅನ್ನುವ ತನಕ ಯಾರೂ ಏಳುವಂತಿಲ್ಲ. ಆಮೆನ್ ಅನ್ನದವಳು ಪ್ರಾರ್ಥನೆ ಕೇಳಿಸಿಕೊಂಡಿಲ್ಲ ಎಂದು ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ಮಿಸ್ಸಮ್ಮನ ಲೆಕ್ಕ. ಸಣ್ಣ ಹುಡುಗಿಯರ ಹಿಂದೆ ಕೂತು ಯಾರು ತೂಕಡಿಸುತ್ತಾರೆ ಎಂದು ನೋಡುವ ಕೆಲಸ ಅಕ್ಕನದು. ನಾನು ತಡ ಮಾಡಿದರೆ ಬೆನ್ನಿಗೆ, ರವಿಕೆಯ ಹಿಂದಿನ ಗುಂಡಿಯ ಕೆಳಗೆ, ಒಂದು ಚಿವುಟು ಬೀಳುತ್ತಿತ್ತು. ಹಾಗೆ ಕಲಿತ ಆಮೆನ್ ನನ್ನದು. ಅದಕ್ಕೆ ಮನಸ್ಸಿನ ಅಪ್ಪಣೆ ಬೇಕಿಲ್ಲ, ಸೀನು ಬಂದ ಹಾಗೆ ಬರುತ್ತದೆ.

ಅಕ್ಕನಿಗೆ ಆಗಿನಿಂದಲೂ ಒಂದು ಅಭ್ಯಾಸ. ಯಾರಿಗಾದರೂ ಏನಾದರೂ ಹೇಳಬೇಕಿದ್ದರೆ ದೇವರಿಗೆ ಹೇಳುವಳು. ಒಂದು ಸಂಜೆ ಎಲ್ಲರೂ ಕಣ್ಣು ಮುಚ್ಚಿದ್ದಾಗ, "ಕರ್ತನೇ, ಸುಗುಣಿ ಉಗ್ರಾಣದ ಬೆಲ್ಲಕ್ಕ ಕೈ ಹಚ್ಯಾಳ. ಆಕಿ ಕೈ ಶುದ್ಧ ಮಾಡು ತಂದೆ," ಅಂದಳು. ಸುಗುಣಿ ಅಂದರೆ ನಾನೇ. ಹುಡುಗಿಯರೆಲ್ಲ ಆಮೆನ್ ಅಂದರು. ನಾನೂ ಅಂದೆ. ಕಣ್ಣು ತೆರೆದಾಗ ಮಿಸ್ಸಮ್ಮ ನನ್ನನ್ನೇ ನೋಡುತ್ತಿದ್ದರು. ಈ ಕಥೆಯನ್ನು ನಾನು ನಗುತ್ತ ಎಷ್ಟೋ ಮಂದಿಗೆ ಹೇಳಿದ್ದೇನೆ. ಆ ಮಳೆಗಾಲದ ನಂತರ ಹೇಳಿಲ್ಲ.

ಅಕ್ಕನನ್ನು ಹತ್ತನೆಯ ತರಗತಿಗೇ ಬಿಡಿಸಿ ಹುಮನಾಬಾದಿಗೆ ಮದುವೆ ಮಾಡಿಕೊಟ್ಟರು. ನನಗೆ ನರ್ಸಿಂಗ್ ಓದುವ ಅವಕಾಶ ಸಿಕ್ಕಿತು. ಹೈದರಾಬಾದಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸ, ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಪ್ರಭುದಾಸರ ಜೊತೆ ಮದುವೆ. ಮಕ್ಕಳಾಗಲಿಲ್ಲ. ಇಬ್ಬರೂ ಶಿಫ್ಟಿನವರು. ಅವರದು ಪಾಳಿ ಮುಗಿದಾಗ ಕೂಗುವ ಕಾರ್ಖಾನೆಯ ಭೋಂಗಾ, ನನ್ನದು ವಾರ್ಡಿನ ಗಡಿಯಾರ. ಯಾರು ಮೊದಲು ಬರುತ್ತಾರೋ ಅವರು ಅನ್ನಕ್ಕಿಡಬೇಕು. ಅಕ್ಕ ಬಂದಾಗಲೆಲ್ಲ, "ನಿಮ್ದೇನ್ ಸಂಸಾರನೋ, ಬಸ್ ಸ್ಟ್ಯಾಂಡೋ?" ಎನ್ನುತ್ತಿದ್ದಳು. ಪ್ರಭುದಾಸರು ನಕ್ಕು, "ಬಸ್ ಸ್ಟ್ಯಾಂಡಿನ್ಯಾಗ ಚಹಾ ಛಲೋ ಸಿಗ್ತದ್ರಿ ಅಕ್ಕಾರ, ಕುಡೀರಿ," ಎಂದು ತಾವೇ ಮಾಡಿಕೊಡುತ್ತಿದ್ದರು.

ಅವರು ತೀರಿಕೊಂಡದ್ದು ಒಂದು ಮಧ್ಯಾಹ್ನ, ನಾನು ಡ್ಯೂಟಿಯಲ್ಲಿದ್ದಾಗ. ಬೆಳಿಗ್ಗೆ ಎದೆ ಭಾರ ಎಂದಿದ್ದರು. ನಾಡಿ ನೋಡಿದೆ, ಬಿ.ಪಿ. ನೋಡಿದೆ, ಸರಿಯಾಗಿಯೇ ಇತ್ತು. ರಜೆ ಹಾಕುತ್ತೇನೆ ಎಂದೆ. "ಗ್ಯಾಸ್ ಅದ, ಹೋಗು ನೀ. ವಾರ್ಡಿನ್ಯಾಗ ನಿನ್ನ ದಾರಿ ನೋಡ್ಲಾಕತ್ತಾರ," ಎಂದು ಅವರೇ ಕಳಿಸಿದರು. ಪಕ್ಕದಲ್ಲಿ ಒಂದು ಲೋಟ ನೀರು ಮುಚ್ಚಿಟ್ಟು ಹೋದೆ. ಓಣಿಯವರು ಫೋನ್ ಮಾಡಿದಾಗ ಎಲ್ಲ ಮುಗಿದಿತ್ತು. ಕುರ್ಚಿಯಲ್ಲಿ ಕೂತಂತೆಯೇ ಇದ್ದರು. ಜನ ಬರುವ ಮೊದಲು ಮನೆ ಅಣಿ ಮಾಡಬೇಕಿತ್ತು. ನೀರಿನ ಲೋಟ ಚೆಲ್ಲಿ, ತೊಳೆದು, ಬೋರಲು ಹಾಕಿದೆ. ಲೋಟ ತುಂಬಿತ್ತೋ, ಅರ್ಧ ಇತ್ತೋ, ನೋಡಲಿಲ್ಲ. ನೋಡಬೇಕೆಂದು ಯಾರಿಗೆ ಹೊಳೆಯುತ್ತದೆ?

ಆ ದುಃಖವನ್ನು ನಾನು ನನ್ನ ರೀತಿಯಲ್ಲಿ ದಾಟಿದ್ದೆ. ಡ್ಯೂಟಿಗೆ ಹೋದೆ, ನಿವೃತ್ತಿಯಾದೆ, ಬೆಳಿಗ್ಗೆ ಮಾರ್ಕೆಟ್ಟು, ಸಂಜೆ ಪ್ರಾರ್ಥನೆ, ಭಾನುವಾರ ಕನ್ನಡ ಆರಾಧನೆ. ಹೀಗೆ ನಾಲ್ಕು ವರ್ಷ ಕಳೆದ ಮೇಲೆ ಅಕ್ಕ ಬಂದಳು.

ಕಣ್ಣಿನ ಪೊರೆ ತೆಗೆಸಬೇಕಿತ್ತು. ಮಗ ಜೀವನ ಹುಮನಾಬಾದಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ, ಅವನ ಹೆಂಡತಿಗೆ ಆಗ ಬಾಣಂತನ. ನಾನೇ ಕಳಿಸು ಎಂದೆ. ಜೂನಿನ ಮೊದಲ ಮಳೆಯ ದಿನ ಬಂದಿಳಿದಳು. ಎರಡು ಚೀಲ, ಒಂದು ಡಬ್ಬಿ ಹುರಿದ ಶೇಂಗಾ, ಒಂದು ಬಾಟಲಿ ನೀಲಗಿರಿ ಎಣ್ಣೆ. ಆಗ ಮೆಟ್ರೋ ಓಡಲು ಶುರುವಾಗಿ ವರ್ಷ ತುಂಬಿರಲಿಲ್ಲ. ಎರ್ರಗಡ್ಡದಲ್ಲಿ ಆಟೋದಿಂದ ಕತ್ತು ಹೊರಗೆ ಹಾಕಿ, "ಇದೇನ, ರೈಲು ಮಾಳಿಗಿ ಮ್ಯಾಲ ಹೊಂಟದ? ಕೆಳಗ ಜಾಗ ಇದ್ದಿಲ್ಲೇನು?" ಅಂದಳು. ಆಟೋದವ ಜೋರಾಗಿ ನಕ್ಕ. ನನಗೂ ಸಂತೋಷವೇ ಆಯಿತು. ಮನೆಯಲ್ಲಿ ಇನ್ನೊಂದು ದನಿ ಬಂತಲ್ಲ ಎಂದು.

ಆಪರೇಷನ್ ಸುಲಭವಾಗಿ ಆಯಿತು. ಹೊತ್ತಿಗೆ ಸರಿಯಾಗಿ ನಾನು ಹನಿ ಹಾಕುತ್ತಿದ್ದೆ, ಅವಳು ಹೊತ್ತಿಗೆ ಸರಿಯಾಗಿ ಬೈಯುತ್ತಿದ್ದಳು. ಬ್ಯಾಳಿ ನೀರಾಗಿದೆ, ರೊಟ್ಟಿ ದಪ್ಪ, ಮನೆಯಲ್ಲಿ ಆಸ್ಪತ್ರೆ ವಾಸನೆ. ಇವೆಲ್ಲ ಅಕ್ಕನ ಮಾಮೂಲು ಮಾತು. ಇವುಗಳಿಂದ ಯಾರಿಗೂ ಗಾಯವಾಗುವುದಿಲ್ಲ.

ಆಷಾಢ ಬಂತು. ಓಣಿಯ ಕೊನೆಯ ಗುಡಿಯಲ್ಲಿ ಬೋನಾಲು, ದೇವಿಗೆ ಅನ್ನದ ಗಡಿಗೆ ಅರ್ಪಿಸುವ ಹಬ್ಬ. ಆ ಸಂಜೆಯೇ ಕೂಟ ನಮ್ಮ ಮನೆಯಲ್ಲಿ. ಹೊರಗೆ ಡಪ್ಪು ತಮಟೆಯ ಸದ್ದು, ತಲೆಯ ಮೇಲೆ ಬೋನ ಹೊತ್ತು ಹೋಗುವ ಹೆಂಗಸರ ಮೆರವಣಿಗೆ. ಒಳಗೆ ಇದೇ ನೀಲಿ ಪಟ್ಟೆಯ ಜಮಖಾನೆಯ ಮೇಲೆ ನಾವು ಹತ್ತು ಹನ್ನೆರಡು ಮಂದಿ. ಪಕ್ಕದ ಬೀದಿಯ ಎಸ್ತೇರಮ್ಮ ಕೂಟದ ಮುಂದಾಳು. "ಊರಿಂದ ಬಂದ ಹಿರೇರು ಇದ್ದಾರ. ದೀನಮ್ಮನವರು ಪ್ರಾರ್ಥನಾ ಮಾಡಲಿ," ಅಂದಳು.

ಅಕ್ಕ ಎಲ್ಲರ ಹಾಗೆ ಕೂತು ಪ್ರಾರ್ಥಿಸುವವಳಲ್ಲ. ಮೊಣಕಾಲೂರಿದಳು. ಡಪ್ಪಿನ ಸದ್ದು ಜೋರಾಗಿದ್ದರಿಂದ ತಾನೂ ದನಿ ಏರಿಸಿದಳು. ಮಳೆಗಾಗಿ ಸ್ತೋತ್ರ ಹೇಳಿದಳು, ಕಣ್ಣಿಗಾಗಿ ಹೇಳಿದಳು, ಪಾಸ್ಟರ ಮನೆಯವರ ಸಕ್ಕರೆ ಕಾಯಿಲೆ ಇಳಿಯಲಿ ಎಂದಳು. ಆಮೇಲೆ ಅದೇ ದನಿಯಲ್ಲಿ, ಒಂದು ಉಸಿರೂ ತಡೆಯದೆ ಹೇಳಿದಳು:

"ತಂದೇ, ನನ್ನ ತಂಗಿ ಸುಗುಣಾನ ನಿನ್ನ ಪಾದಕ್ಕ ತರ್ತೀನಿ. ಗಂಡ ನೀರು ನೀರು ಅಂತ ಜೀವ ಬಿಡೋ ಮುಂದ ಈಕಿ ಮಂದಿಗಿ ನೀರು ಕುಡಿಸ್ಲಾಕ ಹೋಗಿದ್ದಳು. ಈಕಿದು ಈ ಪಾಪ ಮಾಫ್ ಮಾಡು. ಯೇಸುವಿನ ನಾಮದಾಗ ಬೇಡ್ಕೋತೀನಿ."

"ಆಮೆನ್," ಅಂದರು ಎಲ್ಲರೂ.

ನಾನೂ ಅಂದೆ. ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಸರಿಯಾದ ಹೊತ್ತಿಗೆ. ಬೋರ್ಡಿಂಗಿನ ಆಮೆನ್. ಬಾಯಿಂದ ಹೋದ ಮೇಲೆ ಆ ಮಾತಿನ ಅರ್ಥ ಕಿವಿಗೆ ಬಂತು. ಕಣ್ಣು ತೆರೆದೆ. ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಎಸ್ತೇರಮ್ಮ ಮಾತ್ರ ಕರುಣೆಯಿಂದ ನನ್ನನ್ನು ನೋಡಿದಳು. ನಾನು ಎದ್ದು ಚಹಾ ಸೋಸಲು ಹೋದೆ. ಲೋಟಗಳನ್ನು ಸಾಲಾಗಿ ಇಟ್ಟೆ. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಚೆಲ್ಲಿದ್ದರೆ ಒಳ್ಳೆಯದಿತ್ತು. ಏನೋ ಆಗಿದೆ ಎಂದು ಅವರಿಗಾದರೂ ತಿಳಿಯುತ್ತಿತ್ತು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ. "ಅಕ್ಕಾ, ಅವರು ನೀರು ಬೇಡಿದ್ದು ನೀ ಎಲ್ಲಿ ಕಂಡಿ? ಆವತ್ತ ಯಾರೂ ಇದ್ದಿಲ್ಲ."

"ನಾ ನಿನಗ ಹೇಳೀನೇನು? ದೇವರಿಗಿ ಹೇಳೀನಿ," ಅಂದಳು ಅಕ್ಕ. "ದೇವರ ಕೂಡ ಮಾತಾಡಿದ್ದು ನೀ ಯಾಕ ಕೇಳಿಸ್ಕೊಂಡಿ?"

"ಹನ್ನೆರಡು ಮಂದಿ ಕೇಳ್ಯಾರ."

"ಸಾಯೋರು ನೀರು ಬೇಡ್ತಾರ. ನರ್ಸಬಾಯಿ ನೀ, ನಿನಗ ಗೊತ್ತಿಲ್ಲೇನು? ಮತ್ತ ನೀನೂ ಆಮೆನ್ ಅಂದಿ. ಈಗ ನನ್ನ ಕೂಡ ಯಾಕ ಜಗಳಾ?"

ಬೇರೆಯವರು ಮುಖದ ಮೇಲೆ ಅಂದಿದ್ದರೆ ಸುಳ್ಳು ಎನ್ನಬಹುದಿತ್ತು. ಪ್ರಾರ್ಥನೆಗೆ ಎದುರುತ್ತರ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಕಣ್ಣು ಮುಚ್ಚಿರಬೇಕು, ತಲೆ ಬಾಗಿರಬೇಕು, ಕೊನೆಗೆ ಹೌದು ಅನ್ನಬೇಕು. ನಾನು ಹೌದು ಅಂದಿದ್ದೆ.

ಎರಡು ದಿನ ಬಿಟ್ಟು ಎಸ್ತೇರಮ್ಮ ಒಂದು ಡಬ್ಬಿ ಶಾವಿಗೆಯ ಸೇವಯ್ಯಾ ತಂದಳು. "ಒಪ್ಪಿಕೊಂಡದ್ದು ಛಲೋ ಆತ್ರಿ ಸಿಸ್ಟರ್. ಎದಿ ಹಗುರಾಗ್ತದ," ಅಂದಳು. ನಾನು ಏನೂ ಒಪ್ಪಿಕೊಂಡಿಲ್ಲ ಎಂದೆ. "ಆಮೆನ್ ಅಂದ್ರಲ್ಲ," ಎಂದು ಮೆಲ್ಲಗೆ ನನ್ನ ಕೈ ಹಿಡಿದಳು. ಅವಳು ಕೆಟ್ಟವಳಲ್ಲ. ಭಾನುವಾರ ಚರ್ಚಿನಲ್ಲಿ ಇಬ್ಬರು ನನಗಾಗಿ ಪ್ರಾರ್ಥಿಸುತ್ತಿದ್ದೇವೆ ಎಂದರು. ನಾನು ವಂದನೆ ಹೇಳಿದೆ. ಮತ್ತೇನು ಹೇಳಲಿ?

ಆದರೆ ಅವರ ಮಾತಿಗಿಂತ ನನ್ನನ್ನು ಕಾಡಿದ್ದು ಆ ಲೋಟ. ನಾಲ್ಕು ವರ್ಷ ಅದು ಬರೀ ಒಂದು ಲೋಟವಾಗಿತ್ತು. ಈಗ ಪಾತ್ರೆ ತೊಳೆಯಲು ಕೂತಾಗಲೆಲ್ಲ, ಆ ದಿನ ತುಂಬಿತ್ತೇ, ಅರ್ಧ ಇತ್ತೇ ಎಂದು ಕೈ ನಿಲ್ಲುತ್ತಿತ್ತು. ಅವರು ಕುಡಿದಿದ್ದರೆ ಒಂದು ಅರ್ಥ. ಕೈ ಚಾಚಿ, ಎಟುಕದೆ ಹೋಗಿದ್ದರೆ ಇನ್ನೊಂದು. ವಾರ್ಡಿನಲ್ಲಿ ನಾನು ಎಷ್ಟೋ ಮಂದಿಯ ಕೊನೆಯ ಗಳಿಗೆ ನೋಡಿದ್ದೆ. ಅಕ್ಕ ಹೇಳಿದ್ದು ಸುಳ್ಳಿರಬಹುದು, ಆದರೆ ಆಗಲಾರದ್ದು ಅಲ್ಲ. ಅದೇ ಅವಳ ಮಾತಿನ ಮೊನೆ.

ನನಗೆ ಬೇಕಾದದ್ದು ಒಂದೇ. ಅಕ್ಕ ಆ ಮಾತನ್ನು ವಾಪಸ್ಸು ತಗೊಳ್ಳಬೇಕು. ಕೂಟದಲ್ಲಿ ಬೇಡ, ಹನ್ನೆರಡು ಮಂದಿಯ ಎದುರು ಬೇಡ. ಅಡುಗೆಮನೆಯಲ್ಲಿ, ಈರುಳ್ಳಿ ಹೆಚ್ಚುತ್ತ, ನನ್ನ ಕಡೆ ನೋಡದೆ ಹೇಳಿದರೂ ಸಾಕಿತ್ತು.

ಪ್ರಾರ್ಥನೆ ಮಾಡಿ ನೋಡಿದೆ. ನನ್ನ ಪ್ರಾರ್ಥನೆಗೆ ಒಂದು ಕ್ರಮ ಇದೆ. ಮೊದಲು ಸ್ತೋತ್ರ, ಆಮೇಲೆ ರೋಗಿಗಳು, ಆಮೇಲೆ ಸಭೆ, ಕೊನೆಗೆ ಸ್ವಂತದ್ದು. ಆ ಸಲ ಕ್ರಮವೇ ತಪ್ಪಿತು. ಬಾಯಿ ತೆರೆದರೆ ಫಿರ್ಯಾದು. ಅವಳ ನಾಲಿಗೆ ಕಟ್ಟು ಎಂದು ಬೇಡಿದೆ. ಬೈಬಲಿನಲ್ಲಿ ಹಿಂದಿನ ಕಾಲದ ಭಕ್ತರು ವೈರಿಗಳ ಹಲ್ಲು ಮುರಿ ಎಂದು ಬೇಡಿದ್ದುಂಟು. ಆದರೆ ಅಕ್ಕನಿಗೆ ಹಲ್ಲಿನ ಸೆಟ್ಟು ಮಾಡಿಸಿಕೊಟ್ಟವಳೇ ನಾನು, ಅದನ್ನು ಮುರಿದರೆ ಮತ್ತೆ ನಾನೇ ಮಾಡಿಸಬೇಕು. ಕ್ಷಮಿಸುತ್ತೇನೆ ಎಂದು ಹೇಳಿ ನೋಡಿದೆ. ಆ ಪದ ನಾಲಿಗೆಯ ಮೇಲೆ ಗುಳಿಗೆಯ ಹಾಗೆ ಕೂತುಬಿಡುತ್ತಿತ್ತು, ಒಳಗೂ ಹೋಗದು, ಹೊರಗೂ ಬಾರದು.

ಪಾಸ್ಟರ್ ಹತ್ತಿರ ಹೋದೆ. ಚಿಕ್ಕ ವಯಸ್ಸಿನವರು, ಕಲಬುರಗಿ ಕಡೆಯವರು. ಕಾಲ್ಬೆರಳು ಎಡವಿದಷ್ಟು ಸಣ್ಣ ತೊಂದರೆಗೂ ಗಂಟೆಗಟ್ಟಲೆ ಮಾತಾಡುವವರು ಅಂದು ಸುಮ್ಮನೆ ಕೇಳಿದರು.

"ಅಂದ ಆಮೆನ್ ವಾಪಸ್ ತಗೋಲಾಕ ಬರ್ತದೇನ್ರಿ?" ಎಂದು ಕೇಳಿದೆ.

ಅವರು ಫ್ಯಾನಿನ ಕಡೆ ನೋಡಿದರು. "ಹಂಗ ಯಾರೂ ಕೇಳಿಲ್ಲರಿ ಅಮ್ಮ. ಅದಕ್ಕ ಪದ್ಧತಿ ಇಲ್ಲ." ಆಮೇಲೆ, "ಅವರ ಸಲುವಾಗಿ ಪ್ರಾರ್ಥನಾ ಮಾಡ್ರಿ," ಅಂದರು.

"ಏನಂತ ಮಾಡಲಿ? ಬಾಯಿಗಿ ಬರೋದೆಲ್ಲ ಕೆಟ್ಟದ್ದೇ."

"ಖರೆ ಹೇಳ್ಲೇನು? ನನಗೂ ಒಬ್ಬರ ಸಲುವಾಗಿ ಬರಂಗಿಲ್ಲ," ಎಂದು ದನಿ ತಗ್ಗಿಸಿದರು. "ನಾ ಬರೇ ಹೆಸರು ಹೇಳ್ತೀನಿ. ಹೆಸರು ಹೇಳಿ ಸುಮ್ಮ ಕೂಡ್ತೀನಿ. ಮುಂದಿಂದು ದೇವರು ನೋಡ್ಕೋಲಿ."

ಯಾರ ಹೆಸರೆಂದು ನಾನು ಕೇಳಲಿಲ್ಲ. ಆ ದಿನದಿಂದ ಬೆಳಿಗ್ಗೆ ಎದ್ದು, ಹಾಸಿಗೆಯ ಮೇಲೆ ಕೂತು, "ದೀನಮ್ಮ" ಎಂದು ಹೇಳಿ ಬಾಯಿ ಮುಚ್ಚುತ್ತಿದ್ದೆ. ಪಕ್ಕದ ಮಂಚದಲ್ಲಿ ದೀನಮ್ಮ ಗೊರಕೆ ಹೊಡೆಯುತ್ತಿದ್ದಳು. ಇದಕ್ಕಿಂತ ಬಡ ಪ್ರಾರ್ಥನೆಯನ್ನು ನಾನು ಜನ್ಮದಲ್ಲಿ ಮಾಡಿಲ್ಲ.

ಆದರೆ ಸಂಜೆ ಬರುತ್ತಿತ್ತು. ಸಂಜೆ ನಮ್ಮಿಬ್ಬರದೇ ಕುಟುಂಬ ಪ್ರಾರ್ಥನೆ, ಹಿರಿಯಳೆಂದು ಅಕ್ಕನೇ ಮಾಡುವುದು. ಶ್ರಾವಣ ಕಳೆಯುವ ಹೊತ್ತಿಗೆ ಅಕ್ಕ ಆ ಮಾತನ್ನು ದಿನಾಲೂ ಹೇಳತೊಡಗಿದಳು. ಅದೇ ಶಬ್ದಗಳು, ಅದೇ ಏರಿಳಿತ. ಗಂಡ ನೀರು ನೀರು ಅಂತ ಜೀವ ಬಿಡೋ ಮುಂದ.

ಒಂದು ದಿನ ಹಲ್ಲು ಕಚ್ಚಿ ಕೂತೆ. ಆಮೆನ್ ಅನ್ನಲಿಲ್ಲ. ಅಕ್ಕ ಕಣ್ಣು ತೆರೆಯಲಿಲ್ಲ, ಏಳಲಿಲ್ಲ.

"ಆಮೆನ್ ಎಲ್ಲದ?" ಅಂದಳು.

ಹೊರಗೆ ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಅಕ್ಕನ ಮೊಣಕಾಲುಗಳು ಸವೆದಿದ್ದವು, ಹೆಚ್ಚು ಹೊತ್ತು ಊರಿದರೆ ಇಡೀ ದೇಹ ನಡುಗುತ್ತಿತ್ತು. ನಡುಗತೊಡಗಿದಳು. ಬೋರ್ಡಿಂಗಿನ ನಿಯಮ ಅವಳಿಗೂ ನಿಯಮವೇ. ಆಮೆನ್ ಇಲ್ಲದೆ ಅವಳು ಸತ್ತರೂ ಏಳುವವಳಲ್ಲ. ಅವಳ ತುಟಿ ಬಿಳುಪಾಗುವುದು ಕಂಡಿತು. ನನ್ನೊಳಗೆ ತಂಗಿ ಗಟ್ಟಿಯಾಗಿ ಕೂತಿದ್ದಳು, ನರ್ಸ್ ಕೂರಲಿಲ್ಲ.

"ಆಮೆನ್," ಅಂದೆ. ತೋಳು ಹಿಡಿದು ಎಬ್ಬಿಸಿದೆ. ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿದೆ.

"ಮೆತ್ತಗ ತಿಕ್ಕು, ಹಪ್ಪಳ ಲಟ್ಟಿಸ್ಲಾಕತ್ತೀ ಏನ?" ಅಂದಳು.

ಹೀಗೆ ದಿನಾಲೂ ನಡೆಯಿತು. ದಿನಾಲೂ ಅವಳು ನನ್ನ ತಪ್ಪನ್ನು ದೇವರಿಗೆ ಒಪ್ಪಿಸುವಳು, ನಾನು ಸಹಿ ಹಾಕುವೆ, ಆಮೇಲೆ ಎಣ್ಣೆ ತಿಕ್ಕುವೆ. ಜೀವನನಿಗೆ ಫೋನ್ ಮಾಡಿ ಕರೆದುಕೊಂಡು ಹೋಗು ಅನ್ನಲೇ ಎಂದು ಎಷ್ಟೋ ಸಲ ಫೋನ್ ಎತ್ತಿದೆ. ಏನಂತ ಹೇಳಲಿ? ನಿಮ್ಮವ್ವ ನನಗಾಗಿ ಪ್ರಾರ್ಥನೆ ಮಾಡುತ್ತಾಳೆ ಎಂದೇ?

ಗಣಪತಿ ಮುಳುಗಿಸುವ ಗದ್ದಲವೆಲ್ಲ ಮುಗಿದ ಮೇಲೆ ಒಂದು ಸಂಜೆ ಅದೇ ಪ್ರಾರ್ಥನೆ ಆಯಿತು. ಗಂಡ ನೀರು ನೀರು ಅಂತ ಜೀವ ಬಿಡೋ ಮುಂದ, ಎಂದು ಎಲ್ಲವನ್ನೂ ಹೇಳಿದಳು. ಎಬ್ಬಿಸಿದೆ, ಎಣ್ಣೆ ತಿಕ್ಕಿದೆ, ತಾಟು ಹಾಕಿದೆ. ಅಕ್ಕ ಬಾಗಿಲ ಕಡೆ ನೋಡಿ, "ಪ್ರಭುದಾಸಪ್ಪ ಇನ್ನಾ ಬಂದಿಲ್ಲೇನ? ಭೋಂಗಾ ಆಗಿ ಭಾಳ ಹೊತ್ತಾತಲ್ಲ. ಅವನ್ನ ಬಿಟ್ಟು ಹ್ಯಾಂಗ ಉಣ್ಣೋದು?" ಅಂದಳು.

ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಆಗ ಒಂದೊಂದೇ ನೆನಪಾಯಿತು. ಸಾರಿಗೆ ಎರಡೆರಡು ಸಲ ಉಪ್ಪು. ಬಚ್ಚಲಿನ ದಾರಿ ಕೇಳಿದ್ದು. ಹಾಲಿನವನಿಗೆ ಜೀವನ ಎಂದು ಕೂಗಿದ್ದು. ಸಿಟ್ಟಿನಲ್ಲಿದ್ದ ನಾನು ಇವನ್ನೆಲ್ಲ ಸೊಕ್ಕು ಎಂದು ಬರೆದುಕೊಂಡಿದ್ದೆ. ಆ ಮಾತು ದಿನಾಲೂ ಅದೇ ಶಬ್ದಗಳಲ್ಲಿ ಬರುತ್ತಿದ್ದದ್ದು ನನ್ನನ್ನು ಚುಚ್ಚಲೆಂದಲ್ಲ. ಹೇಳಿದ್ದು ಅವಳಿಗೆ ನೆನಪಿರುತ್ತಿರಲಿಲ್ಲ.

ನಮ್ಮ ಹಳೆಯ ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ನನಗೆ ಹೊಸದಾಗಿ ಹೇಳುವುದೇನಿಲ್ಲ ಸಿಸ್ಟರ್, ನಿಮಗೆ ಗೊತ್ತಿರುವುದೇ ಎಂದರು. ಈ ಮರೆವು ಒಂದೇ ದಾರಿಯ ಕಾಯಿಲೆ. ಹೋದವರು ವಾಪಸ್ಸು ಬರುವುದಿಲ್ಲ.

ಆಟೋದಲ್ಲಿ ಬರುವಾಗ ಅಕ್ಕ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ನಾನು ಲೆಕ್ಕ ಹಾಕುತ್ತಿದ್ದೆ. ಕೂಟದ ಆ ಸಂಜೆ ಆ ಮಾತನ್ನು ಹೇಳಿದವಳು ಯಾರು? ನನ್ನ ಅಕ್ಕನೇ, ಬುದ್ಧಿ ಸರಿಯಿದ್ದು, ನೋಯಿಸಲೆಂದೇ? ಅಥವಾ ಆಗಲೇ ಕಾಯಿಲೆಯೇ? ಮೊದಲನೆಯದಾದರೆ ಸಿಟ್ಟಾಗಲು ಒಬ್ಬಳು ಬೇಕು, ಅವಳು ದಿನದಿನಕ್ಕೆ ಕರಗುತ್ತಿದ್ದಳು. ಎರಡನೆಯದಾದರೆ ಕ್ಷಮಿಸಲು ಏನೂ ಇಲ್ಲ, ಆದರೂ ನೋವು ಇದ್ದಲ್ಲೇ ಇತ್ತು. ಡಾಕ್ಟರನ್ನು ಕೇಳಿದ್ದೆ, ಇದು ಯಾವಾಗ ಶುರುವಾಗಿರಬಹುದು ಎಂದು. ಹೇಳಲು ಬರುವುದಿಲ್ಲ ಎಂದಿದ್ದರು.

ಚಳಿ ಶುರುವಾಯಿತು. ಅಕ್ಕನ ಪ್ರಾರ್ಥನೆ ಹರಿದ ಬಟ್ಟೆಯ ಹಾಗೆ ಅಲ್ಲಲ್ಲಿ ಬಿಡತೊಡಗಿತು. ಮೊದಲು ಅದರೊಳಗಿಂದ ಪಾಸ್ಟರ ಮನೆಯವರು ಹೋದರು, ಆಮೇಲೆ ಕಣ್ಣಿನ ಸ್ತೋತ್ರ ಹೋಯಿತು, ಮಳೆಯದೂ ಹೋಯಿತು. ನನ್ನ ಬಗೆಗಿನ ಮಾತು ಮಾತ್ರ ಉಳಿದಿತ್ತು. ಅದೂ ಹೋಗುವ ದಿನಕ್ಕಾಗಿ ನಾನು ಕಾದಿದ್ದೆ. ಬೇರೆ ಯಾವ ಬಿಡುಗಡೆಯೂ ಇರಲಿಲ್ಲ.

ಫೋನಿನಲ್ಲಿ ಕಾಯಿಲೆಯ ಸುದ್ದಿ ಕೇಳಿದ ಜೀವನ ಅವಳನ್ನು ಕರೆದುಕೊಂಡು ಹೋಗಲು ಬರುವ ಹಿಂದಿನ ಸಂಜೆ. ಬಾಗಿಲಿಗೆ ಕ್ರಿಸ್ಮಸ್ ನಕ್ಷತ್ರ ಕಟ್ಟಿದ್ದೆ, ಅದರ ಕೆಂಪು ಬೆಳಕು ಜಮಖಾನೆಯ ಮೇಲೆ ಬಿದ್ದಿತ್ತು. ಅಕ್ಕ ಮೊಣಕಾಲೂರಿದಳು.

"ತಂದೇ, ನನ್ನ ತಂಗಿ ಸುಗುಣಾನ..." ಎಂದು ನಿಂತಳು. "ಸುಗುಣಾನ..." ಮತ್ತೆ ನಿಂತಳು. ಹಣೆ ಗಂಟಿಕ್ಕಿತು. ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿ, ಬಾಯಿಪಾಠ ಮರೆತ ಹುಡುಗಿಯ ಹಾಗೆ ಪಿಸುಗುಟ್ಟಿದಳು. "ಏ ಸುಗುಣಿ, ಮುಂದ ಏನದ?"

ಮುಂದೆ ಏನಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಡೀ ಮಳೆಗಾಲ ನಾನು ಬೇಡಿದ್ದು ಕೈಯಳತೆಯಲ್ಲಿತ್ತು.

"ಸುಗುಣಾದು ಏನೂ ತಪ್ಪಿಲ್ಲ. ಹಂಗ ಅನ್ನು ಅಕ್ಕಾ," ಅಂದೆ.

"ಸುಗುಣಾದು ಏನೂ ತಪ್ಪಿಲ್ಲ," ಅಂದಳು ಅಕ್ಕ. "ಮುಂದ?"

"ಆಕಿ ಗಂಡ ನೀರು ಬೇಡಿದ್ದಿಲ್ಲ."

"ಆಕಿ ಗಂಡ ನೀರು ಬೇಡಿದ್ದಿಲ್ಲ." ಒಪ್ಪಿಸಿ ಮುಗಿಸಿದ ಮಗುವಿನ ಸಮಾಧಾನ ಅವಳ ಮುಖದಲ್ಲಿ. "ಯೇಸುವಿನ ನಾಮದಾಗ ಬೇಡ್ಕೋತೀನಿ."

ನಾನು ಕೇಳಬೇಕೆಂದಿದ್ದ ಮಾತು ಅದೇ. ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಅಂಗಡಿಯ ಬೋರ್ಡು ಓದಿದ ಹಾಗೆ ಓದಿದ್ದಳು. ಹೇಳಿಕೊಟ್ಟವಳು ನಾನು, ಹೇಳಬೇಕಾಗಿದ್ದವಳು ಅಲ್ಲಿರಲಿಲ್ಲ. ಅಷ್ಟು ತಿಂಗಳು ಪಾಪಕ್ಕೆ ತಡೆಯಿಲ್ಲದೆ ಬಂದ ಆಮೆನ್ ಈಗ ಬರಲಿಲ್ಲ. ಹಲ್ಲು ಕಚ್ಚಿರಲಿಲ್ಲ. ಅನ್ನಬೇಕೆಂದೇ ಬಾಯಿ ತೆರೆದೆ.

ಅಕ್ಕ ಕಾದಳು. ಮೊಣಕಾಲು ನಡುಗತೊಡಗಿದವು. "ಆಮೆನ್ ಎಲ್ಲದ?" ಎಂದಳು. ಆಗ ಅವಳ ಕೈ ಗಾಳಿಯಲ್ಲಿ ತಡಕಾಡಿ ನನ್ನ ಬೆನ್ನು ಹುಡುಕಿತು. ಪ್ರಭುದಾಸರನ್ನು ಮರೆತ, ಮಗನ ಹೆಸರು ಮರೆತ ಆ ಬೆರಳುಗಳಿಗೆ ಜಾಗ ಮರೆತಿರಲಿಲ್ಲ. ರವಿಕೆಯ ಗುಂಡಿಯ ಕೆಳಗೆ ಒಂದು ಚಿವುಟು ಬಿತ್ತು. ಬಲವೇ ಇರಲಿಲ್ಲ ಅದರಲ್ಲಿ.

"ಆಮೆನ್," ಅಂದೆ.

ಯಾವುದಕ್ಕೆ ಅಂದೆ ಎಂದು ಕೇಳಿದರೆ, ಅವಳ ಮೊಣಕಾಲಿಗೆ ಅಂದೆ. ಎಬ್ಬಿಸಿದೆ, ಎಣ್ಣೆ ತಿಕ್ಕಿದೆ. ಈ ಸಲ ಮೆತ್ತಗೆ ತಿಕ್ಕು ಅನ್ನಲಿಲ್ಲ. "ನೀವು ಯಾರ ಪೈಕಿರಿ ಬಾಯಿ? ಭಾಳ ಛಲೋ ಕೈ ಅದ ನಿಮ್ದು," ಅಂದಳು.

ಮರುದಿನ ಜೀವನ ಕರೆದುಕೊಂಡು ಹೋದ. ಮುಂದಿನ ಬೇಸಿಗೆಯಲ್ಲಿ ಹುಮನಾಬಾದಿನಲ್ಲಿ ತೀರಿಕೊಂಡಳು. ನಾನು ಹೋಗುವ ಹೊತ್ತಿಗೆ ಪೆಟ್ಟಿಗೆ ಮುಚ್ಚಿದ್ದರು. ಸಮಾಧಿಯ ಹತ್ತಿರ ಅಲ್ಲಿನ ಪಾಸ್ಟರ್ ಅವಳ ಒಳ್ಳೆಯ ಗುಣಗಳನ್ನೆಲ್ಲ ಹೇಳಿ ಪ್ರಾರ್ಥಿಸಿದರು. ಎಲ್ಲರ ಜೊತೆಗೆ ನಾನೂ ಹೊತ್ತಿಗೆ ಸರಿಯಾಗಿ ಆಮೆನ್ ಅಂದೆ.

ಲೋಟದ ವಿಷಯ ಈಗಲೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಕೂಟದ ಹಳಬರು ಈಗಲೂ ನನ್ನನ್ನು ಪಶ್ಚಾತ್ತಾಪಪಟ್ಟವಳೆಂದೇ ಗೌರವಿಸುತ್ತಾರೆ. ಹೋದ ವಾರ ಎಲ್ಲರೂ ಹೋದ ಮೇಲೆ ಜಮಖಾನೆಯನ್ನು ಒಗೆದು ಹಗ್ಗದ ಮೇಲೆ ಹರವಿದೆ. ಮಳೆ ಹಿಡಿದಿದ್ದರಿಂದ ಒಣಗಲಿಲ್ಲ, ಮರುದಿನ ಸಂಜೆ ಹಸಿಯಾಗಿಯೇ ಒಳಗೆ ತಂದು ಹಾಸಿದೆ. ಎರಡು ಕಲೆಗಳ ಪಕ್ಕದಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿದೆ. "ದೀನಮ್ಮ," ಅಂದೆ. ಅಲ್ಲಿಂದ ಮುಂದಕ್ಕೆ ನನಗೆ ಇಂದಿಗೂ ಮಾತು ಬರುವುದಿಲ್ಲ. ಆಮೆನ್ ಅನ್ನುವ ಮೊದಲು ಸ್ವಲ್ಪ ಹೊತ್ತು ಬೇಕೆಂದೇ ತಡ ಮಾಡುತ್ತೇನೆ. ಬೆನ್ನಿಗೆ ಯಾರೂ ಚಿವುಟುವುದಿಲ್ಲ.